ಅತ್ತೆಯ ಕಾರಿಗೆ ಬೀಸೋಕಲ್ಲಿನ ಗೂಟ

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಮ್ಮತ್ತೆಯ ಕಾರಿಗೆ ಹರಳೆಣ್ಣೆ ಕುಡಿಸಿದವನು ನಾನೇ. ಮಕ್ಕಳಿಗೆ ಹೊಟ್ಟೆ ಕಟ್ಟಿಕೊಂಡರೆ ಕುಡಿಸುತ್ತಾರಲ್ಲ, ಅದೇ ಎಣ್ಣೆ. ಕಾರಿಗೇನೂ ಹೊಟ್ಟೆ ಕಟ್ಟಿಕೊಂಡಿರಲಿಲ್ಲ. ನಾನು ಕುಡಿಸಿದ ಮೇಲೆ ಕಟ್ಟಿಕೊಂಡಿತು.

ಇಷ್ಟು ವರ್ಷದ ಮೇಲೆ ಈ ಮಾತು ಯಾಕೆ ಎಂದರೆ, ಈ ಬೆಳಿಗ್ಗೆ ನಮ್ಮಮ್ಮ ಬಚ್ಚಲ ಮುಂದೆ ಕಾಲು ಚಾಚಿ ಕೂತು, ನನ್ನ ಮಗಳನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಅಂಗೈ ತುಂಬ ಎಣ್ಣೆ ಸುರಿದು ಬೆನ್ನು ನೀವುತ್ತಿದ್ದಳು. ಮಗಳು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದಳು. ಎಣ್ಣೆ ಬಿಸಿಯಾಗಿತ್ತು. ಆ ವಾಸನೆ ಒಲೆಯ ಹೊಗೆಯ ಜೊತೆ ಸೇರಿ ನಡುಮನೆಗೆ ಬಂದದ್ದೇ ತಡ, ನನ್ನ ಕಣ್ಣ ಮುಂದೆ ಒಂದು ದೊಡ್ಡ ಅಮೆರಿಕದ ಕಾರು ಬಾನೆಟ್ಟು ತೆರೆದುಕೊಂಡು ನಿಂತುಬಿಟ್ಟಿತು. ನಿಮಗೆಲ್ಲ ಹರಳೆಣ್ಣೆ ಎಂದರೆ ಅಜ್ಜಿಯೋ ಅಭ್ಯಂಜನವೋ ನೆನಪಾಗಬಹುದು. ನನಗೆ ಸ್ಟಿಯರಿಂಗ್ ನೆನಪಾಗುತ್ತದೆ. ಒಬ್ಬೊಬ್ಬರ ಹಣೆಬರಹ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನನಗೆ ಹುಟ್ಟಿನಿಂದ ಬಂದದ್ದು ಒಂದೇ ವಿದ್ಯೆ, ಅಣಕಿಸುವುದು. ಯಾರ ಮಾತನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿಂದ ಬರುತ್ತದೆ. ಮೇಷ್ಟರು, ಪುರೋಹಿತರು, ಸಂತೆಯಲ್ಲಿ ಹುಣಸೆಹಣ್ಣು ಮಾರುವವರು, ಗೌರಿಬಿದನೂರು ಸ್ಟೇಷನ್ನಿನಲ್ಲಿ ರೈಲಿಗೆ ಮುಂಚೆ ತಾವೇ ಕೂಗುವ ಪೋರ್ಟರು, ಯಾರನ್ನೂ ಬಿಟ್ಟವನಲ್ಲ. ನನ್ನ ದನಿಯನ್ನೂ ಅಣಕಿಸಬಲ್ಲೆ: ಪರೀಕ್ಷೆಯಲ್ಲಿ ಫೇಲಾಗಿ ಅಪ್ಪನ ಮುಂದೆ ನಿಂತವನ ದನಿ ಅದು. ಆ ದನಿ ಕೇಳಿಯೇ ಅಪ್ಪ ನನ್ನನ್ನು ಶಿಡ್ಲಘಟ್ಟಕ್ಕೆ, ಸೋದರಮಾವನ ಮನೆಗೆ ಸಾಗಹಾಕಿದ್ದು. 'ಅಲ್ಲಿ ರೇಷ್ಮೆ ಹುಳಾನೇ ಕೆಲಸ ಮಾಡ್ತವೆ, ನೀನೂ ಕಲಿ ಹೋಗು' ಎಂದು.

ಮಾವ ಚನ್ನರಾಯಪ್ಪನವರಿಗೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ; ಮನೆಯ ಹಿಂದೆ ಹೆಂಚಿನ ಒಂದು ಉದ್ದನೆಯ ಕೊಟ್ಟಿಗೆ, ಅದರೊಳಗೆ ಸಾಲು ಒಲೆ, ಒಲೆಯ ಮೇಲೆ ರೇಷ್ಮೆಗೂಡು ಬೇಯುವ ಬಿಸಿನೀರಿನ ಬಾನಿಗಳು, ಅವುಗಳ ಎದುರು ತಿರುಗುವ ಚರಕಗಳು. ಮಾವ ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಆಮೇಲೆ ಆ ಮಾತನ್ನೇ ಆಡುತ್ತಿರಲಿಲ್ಲ. ಆಡಿದರೂ ಅವರ ಮಾತೆಲ್ಲ ಒಂದೇ ಕಡೆಗೆ ಬಂದು ನಿಲ್ಲುತ್ತಿತ್ತು: 'ನಾಳೆ ನೋಡಣ.' ನಾನು ಅವರನ್ನು ಅಣಕಿಸಬೇಕಾದರೆ ಬರೀ ಕೆಮ್ಮಿದರೆ ಸಾಕಿತ್ತು, ಮನೆಯವರೆಲ್ಲ ನಗುತ್ತಿದ್ದರು.

ಅತ್ತೆಯ ಹೆಸರು ಅಕ್ಕಯ್ಯಮ್ಮ. ಎತ್ತರದ ಹೆಂಗಸು, ದೊಡ್ಡ ದನಿ, ಕೋಪ ಬಂದರೆ ತೆಲುಗು. ನಾನು ಆ ಮನೆ ಸೇರುವುದಕ್ಕೂ ಎಷ್ಟೋ ಮುಂಚೆ, ಬಾನಿಯ ಮುಂದೆ ಕೂತಿದ್ದ ಒಬ್ಬ ಹೆಂಗಸಿಗೆ ತಲೆಸುತ್ತು ಬಂತಂತೆ. ಅವಳನ್ನು ಹಿಡಿಯಲು ಓಡಿದ ಅತ್ತೆಯ ಬಲಗೈ ಕುದಿಯುವ ನೀರಿನೊಳಗೆ ಹೋಯಿತು. ಗಾಯ ಮಾಯಿತು, ಆದರೆ ಬೆರಳುಗಳು ಒಳಕ್ಕೆ ಮಡಿಸಿಕೊಂಡು ಹಾಗೇ ನಿಂತವು. ಅಂಗೈಯಲ್ಲಿ ಒತ್ತಬಹುದು, ನೀವಬಹುದು, ಮುದ್ದೆ ಕಟ್ಟಬಹುದು. ಏನನ್ನೂ ಬಿಗಿಯಾಗಿ ಹಿಡಿಯುವುದಕ್ಕೆ ಮಾತ್ರ ಆಗದು. ಅತ್ತೆ ಅದನ್ನು 'ನನ್ನ ಸೌಟು' ಎನ್ನುತ್ತಿದ್ದರು. ಆ ಸೌಟಿನಿಂದ ನನಗೆ ಬಿದ್ದ ಏಟುಗಳ ವಿಚಾರ ಬೇರೆ.

ಇಂಥವರಿಗೆ ಕಾರು ಎಲ್ಲಿಂದ ಬಂತು? ಕೋಲಾರದ ಚಿನ್ನದ ಗಣಿಯ ಕಡೆಯಿಂದ. ಅಲ್ಲಿದ್ದ ಒಬ್ಬ ಇಂಗ್ಲಿಷ್ ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ ಮಾವ ಹೋಗಿ ಅವರ ಕಾರನ್ನು ಕೊಂಡುತಂದರು. ಹಿಪ್ಪುನೇರಳೆ ಸೊಪ್ಪಿನ ಬಣ್ಣ, ಮುಂದೆ ಹಲ್ಲು ಕಿಸಿದ ಮುಖ. ನಮ್ಮ ಬೀದಿಗೆ ಅದು ತಿರುಗಬೇಕಾದರೆ ಎರಡೂ ಕಡೆಯ ಜಗುಲಿಯವರು ಕಾಲು ಎತ್ತಿಕೊಳ್ಳಬೇಕು. ಎಲ್ಲರೂ ಕೇಳಿದರು, ಇಷ್ಟು ದೊಡ್ಡದು ಯಾಕೆ ಚನ್ನರಾಯಪ್ಪಾ ಅಂತ. ಮಾವ ಕೆಮ್ಮಿ, 'ಗೂಡಿನ ಮೂಟೆ ಹಾಕ್ಕೊಂಡು ಬರೋಕೆ' ಎಂದರು. ಆ ಕಾರಿನಲ್ಲಿ ಒಂದೇ ಒಂದು ಮೂಟೆ ಬಂದದ್ದನ್ನು ನಾನು ನೋಡಿಲ್ಲ.

ಅದರ ವಿಶೇಷ ಪವರ್ ಸ್ಟಿಯರಿಂಗ್. ಇಂಜಿನ್ನಿನ ಮುಂದೆ ಒಂದು ಸಣ್ಣ ಪಂಪು, ಅದನ್ನು ತಿರುಗಿಸಲು ಒಂದು ಬೆಲ್ಟು. ಆ ಪಂಪು ಎಣ್ಣೆಯನ್ನು ಒತ್ತಿದರೆ ಎಣ್ಣೆ ಗಾಲಿಗಳನ್ನು ತಿರುಗಿಸುತ್ತದೆ. ಕೂತವರು ಬಯಸಿದರೆ ಸಾಕು, ಉಳಿದದ್ದು ಎಣ್ಣೆಯ ಜವಾಬ್ದಾರಿ. ಅತ್ತೆ ತಮ್ಮ ಸೌಟನ್ನು ಚಕ್ರದ ಮೇಲಿಟ್ಟು ಸುಮ್ಮನೆ ಸವರಿದರೆ ಆ ಆನೆಯಂಥ ಕಾರು ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು. ಓಡಿಸುವುದನ್ನು ಕೆರೆಯಂಗಳದಲ್ಲಿ ಮಾವನೇ ಕಲಿಸಿದ್ದು. ಆ ಕಾಲದಲ್ಲಿ ನಮ್ಮ ಕಡೆ ಕಾರು ಓಡಿಸುವ ಹೆಂಗಸನ್ನು ನೋಡಲು ಜನ ಊಟ ಬಿಟ್ಟು ಎದ್ದು ಬರುತ್ತಿದ್ದರು.

ಅತ್ತೆ ಓಡಿಸುತ್ತಿದ್ದುದು ಶೋಕಿಗಲ್ಲ. ಅವರ ತಾಯಿ ತೊಂಡೇಬಾವಿಯ ಹತ್ತಿರದ ಹಳ್ಳಿಯಲ್ಲಿದ್ದರು. ಕಣ್ಣು ಕಾಣುತ್ತಿರಲಿಲ್ಲ. ಮಗಳ ಮನೆಗೆ ಬಂದು ಇರಲು ಒಪ್ಪುತ್ತಿರಲಿಲ್ಲ. ಕೊಟ್ಟ ಮನೆಯಲ್ಲಿ ಕೂತು ಉಣ್ಣಬಾರದು ಎಂಬ ಹಳೆಯ ಹಟ. ಮೊದಲೆಲ್ಲ ಅತ್ತೆ ತಾಯಿಯನ್ನು ನೋಡಬೇಕಾದರೆ ಮಾವನ ಬಿಡುವಿಗೆ ಕಾಯಬೇಕಿತ್ತು. ಮಾವನ ಬಿಡುವು ನಾಳೆ ಇರುತ್ತಿತ್ತು. ಕಾರು ಬಂದ ಮೇಲೆ ಅತ್ತೆ ಯಾರನ್ನೂ ಕೇಳಲಿಲ್ಲ. ತಿಂಗಳಿಗೊಮ್ಮೆ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಚಿಕ್ಕಬಳ್ಳಾಪುರ, ಗೌರಿಬಿದನೂರು ದಾಟಿ ಹೋಗಿ, ತಾಯಿಯ ತಲೆ ಬಾಚಿ, ಸಂಜೆಗೆ ವಾಪಸ್ಸು. ಆ ಮುದುಕಿ ಹಾರನ್ನಿನ ಸದ್ದಿಗೇ ಎದ್ದು ಬಾಗಿಲಿಗೆ ಬರುತ್ತಿತ್ತು.

ಒಂದು ಸಲ ಹೀಗೆ ಹೊರಡುವ ಹಿಂದಿನ ಸಂಜೆ ಅತ್ತೆ ಬಾನೆಟ್ಟು ಎತ್ತಿ ನೋಡಿದರೆ ಪಂಪಿನ ಎಣ್ಣೆ ತಳ ಕಂಡಿದೆ. ಎಲ್ಲೋ ಒಂದು ರಬ್ಬರ್ ಪೈಪು ಬೆವರುತ್ತಿತ್ತು. ಸಾಹೇಬರು ಕೊಟ್ಟಿದ್ದ ಡಬ್ಬಿ ಖಾಲಿ. ಬೆಂಗಳೂರಿಂದ ತರಬೇಕು. ಮಾವನನ್ನು ಕೇಳಿದರೆ ಕೆಮ್ಮಿ 'ನಾಳೆ' ಎಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕಾರಿನ ಮುಂದೆ ನಿಂತು, 'ಏನೋ ಮಾಡೋದು ಈಗ?' ಎಂದು ನನ್ನನ್ನು ಕೇಳಿದರು.

ಆಗ ನನ್ನ ಗಂಟಲು ತಾನಾಗಿ ಚಿಂತಾಮಣಿಯ ಬಾಷಾ ಮೇಸ್ತ್ರಿಯದಾಯಿತು. ಆ ಕಾರಿಗೆ ಕೈ ಹಾಕುತ್ತಿದ್ದವರು ಅವರೊಬ್ಬರೇ. ಮಾತಾಡುವ ಮುಂಚೆ ಕಣ್ಣು ಮುಚ್ಚಿ, ಹಕೀಮರು ನಾಡಿ ಹಿಡಿದಂತೆ ಇಂಜಿನ್ನಿನ ಮೇಲೆ ಕೈ ಇಡುವವರು. ನಾನೂ ಕಣ್ಣು ಮುಚ್ಚಿದೆ, ಕೈ ಇಟ್ಟೆ. 'ಅಮ್ಮಾ, ಫಿಕರ್ ಮಾಡಬೇಡಿ. ಹರಳೆಣ್ಣೆಗಿಂತ ಮೇಲಿಲ್ಲ ಕಣಮ್ಮಾ!'

ಅತ್ತೆ ನಕ್ಕರು. 'ನಿಜವಾಗ್ಲೂ ಹಂಗಂದಿದ್ರೇನೋ ಬಾಷಾ ಸಾಬ್ರು?'

'ಅಂದಿದ್ರು ಅತ್ತೆ.'

ಪೂರ್ತಿ ಸುಳ್ಳಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಏನು ಹಾಕಬೇಕೆಂದು ಯಾರೋ ಕೇಳಿದಾಗ ಮೇಸ್ತ್ರಿ ಅಂದ ಮಾತು ಅದು. ಗಾಡಿಯ ಮಾತನ್ನು ನಾನು ಕಾರಿಗೆ ಕಟ್ಟಿದೆ. ಆದರೆ ನನ್ನ ತಪ್ಪು ಬೇರೆ ಇತ್ತು ನೋಡಿ. ಮೇಸ್ತ್ರಿಯ ಗಂಟಲು ಬಂದ ಮೇಲೆ ಅವರ ಬುದ್ಧಿಯೂ ಜೊತೆಗೆ ಬಂದಿರುತ್ತದೆ ಎಂದು ನಾನೇ ನಂಬಿಬಿಟ್ಟಿದ್ದೆ. ಅಣಕಿಸುವವನಿಗೆ ಬರುವ ಕಾಯಿಲೆ ಇದು. ಅತ್ತೆ ಒಳಗೆ ಹೋಗಿ ಹಿತ್ತಾಳೆ ಗಿಂಡಿಯಲ್ಲಿ ಎಣ್ಣೆ ತಂದರು. ನಾನು ಬಾಳೆಲೆ ಸುತ್ತಿ ಆಲಿಕೆ ಮಾಡಿ ಹಿಡಿದೆ. ಇಬ್ಬರೂ ಸೇರಿ, ಕೂಸಿಗೆ ಕುಡಿಸುವಷ್ಟು ಪ್ರೀತಿಯಿಂದ ಕುಡಿಸಿದೆವು.

ಮಾರನೆಯ ದಿನ ಕಾರು ತೊಂಡೇಬಾವಿಗೆ ಹೋಗಿಬಂತು. ನಾನು ಮೀಸೆ ತಿರುವಿದೆ. ಇರಲಿಲ್ಲ, ಇದ್ದಿದ್ದರೆ ತಿರುವುತ್ತಿದ್ದೆ. ಅದಾದ ಕೆಲವು ದಿನಕ್ಕೆ ಪಂಪು ನರಳಲು ಶುರುಮಾಡಿತು. ಆಮೇಲೆ ಅತ್ತಿತು. ಕೊನೆಗೆ ಒಂದು ಮಧ್ಯಾಹ್ನ ಗೂಡಿನ ಮಾರ್ಕೆಟ್ಟಿನ ಎದುರಿಗೇ ಪೈಪು ಒಡೆದು, ಇಡೀ ಬೀದಿಗೆ ಬಾಣಂತಿ ಮನೆಯ ವಾಸನೆ ಹರಡಿ, ಸ್ಟಿಯರಿಂಗ್ ಕಲ್ಲಾಯಿತು. ಗೂಡು ಮಾರಲು ಬಂದವರೆಲ್ಲ ಸುತ್ತ ಸೇರಿದರು. ಮಾವ ಓಡಿಬಂದು ಮೂಗು ಮುರಿದು, 'ಯಾರು ಹಾಕಿದ್ದು ಇದನ್ನ?' ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ನಿಜವಾಗಿಯೂ ನನ್ನದೇ ಗಂಟಲು. ಅಷ್ಟರಲ್ಲಿ ಅತ್ತೆ, 'ನಾನೇ ಹಾಕ್ದೆ. ಗಾಡಿಗೆ ಹಾಕಲ್ವಾ, ಹಂಗೆ' ಅಂದುಬಿಟ್ಟರು.

ಚಿಂತಾಮಣಿಯವರೆಗೆ ಆ ಕಾರನ್ನು ಮಾವ ಮತ್ತು ನಾನು ಸೇರಿ ಓಡಿಸಿದೆವು. ಓಡಿಸಿದೆವು ಎಂದರೆ, ಅವರು ಚಕ್ರದ ಬಲಗಡೆ ಹಿಡಿದು ಎಳೆಯುವುದು, ನಾನು ಪಕ್ಕದಿಂದ ಎಡಗಡೆ ಹಿಡಿದು ನೂಕುವುದು. ಪ್ರತಿ ತಿರುವಿಗೂ ಇಬ್ಬರೂ ಏದುಸಿರು ಬಿಡುತ್ತಿದ್ದೆವು.

ಬಾಷಾ ಮೇಸ್ತ್ರಿ ಕಣ್ಣು ಮುಚ್ಚಿದರು, ಕೈ ಇಟ್ಟರು, ಬೆರಳು ಅದ್ದಿ ಮೂಸಿದರು. ಕಣ್ಣು ತೆರೆದರು. 'ಅರೆ, ಇದು ಸ್ಟೇರಿಂಗ್ ಎಣ್ಣೆ ಅಲ್ಲ ಗೌಡ್ರೇ, ಬಾಣಂತಿ ಎಣ್ಣೆ! ಯಾವ ಹಕೀಮ ಕೊಟ್ಟಿದ್ದು ಈ ದವಾ?'

'ನಮ್ಮನೆಯವಳು' ಎಂದರು ಮಾವ.

'ಹಂಗಾದ್ರೆ ಸರಿಯಾಗೇ ಹಾಕಿದಾರೆ' ಎಂದು ಮೇಸ್ತ್ರಿ ಮಾತು ತಿರುಗಿಸಿದ ವೇಗಕ್ಕೆ ಯಾವ ಪವರ್ ಸ್ಟಿಯರಿಂಗೂ ಸಮವಲ್ಲ.

ಪಂಪಿನೊಳಗೆ ಎಣ್ಣೆ ಹಲಸಿನ ಅಂಟಿನಂತೆ ಗಟ್ಟಿಯಾಗಿತ್ತು. ಹೊಸ ಪಂಪು ಬೆಂಗಳೂರಲ್ಲಿಲ್ಲ, ಬೊಂಬಾಯಿಯಲ್ಲೂ ಇಲ್ಲ. ಹೊರದೇಶದ ಸಾಮಾನು ಬರುವುದೇ ನಿಂತಿದ್ದ ಕಾಲ. ಮೇಸ್ತ್ರಿ ಯೋಚಿಸಿ ಹೇಳಿದರು: ಪಂಪು, ಬೆಲ್ಟು, ಪೈಪು ಎಲ್ಲ ಕಿತ್ತು ಬಿಸಾಕಿ, ಮಾಮೂಲಿ ಕಾರಿನ ಹಾಗೆ ಕೈಯಲ್ಲೇ ತಿರುಗಿಸುವ ಸ್ಟಿಯರಿಂಗ್ ಕೂರಿಸಬೇಕು. ಇದೇ ಜಾತಿಯ, ಪವರ್ ಇಲ್ಲದ ಇನ್ನೊಂದು ಕಾರು ಒಂದು ಅಕ್ಕಿ ಗಿರಣಿಯ ಹಿಂದೆ ಬಹಳ ಕಾಲದಿಂದ ಕೋಳಿಗೂಡಾಗಿ ಬಿದ್ದಿತ್ತು. ಅದರ ಸ್ಟಿಯರಿಂಗ್ ಪೆಟ್ಟಿಗೆ ಬಿಚ್ಚಲು ಹೋದಾಗ ಡ್ರೈವರ್ ಸೀಟಿನಲ್ಲಿ ಕಾವಿಗೆ ಕೂತಿದ್ದ ಹೇಂಟೆಯೊಂದು ಎದ್ದೇಳಲಿಲ್ಲ. ಅದನ್ನು ಎಬ್ಬಿಸುವ ಕೆಲಸ ನನಗೆ ಬಂತು. ಹುಂಜದ ಹಾಗೆ ಕೂಗಿ ನೋಡಿದೆ. ನನ್ನ ಜೀವನದಲ್ಲಿ ಯಾರಾದರೂ ನನ್ನ ಅಣಕಕ್ಕೆ ಒಂದಿಷ್ಟೂ ಬೆಲೆ ಕೊಡದಿದ್ದರೆ ಅದು ಆ ಹೇಂಟೆ.

ಕೆಲಸಕ್ಕೆ ದಿನಗಳೇ ಹಿಡಿದವು. ಒಂದು ಮಧ್ಯಾಹ್ನ, ನಾನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದೆ. ನಿದ್ದೆ ಬಂದಿದೆ ಎಂದುಕೊಂಡು ಮೇಸ್ತ್ರಿ ಹೊರಗೆ ಮಾವನಿಗೆ ಮೆಲ್ಲಗೆ ಹೇಳುತ್ತಿದ್ದರು: 'ಗೌಡ್ರೇ, ಇದನ್ನ ಮಾರಿಬಿಡಿ. ಕೈ ಸ್ಟೇರಿಂಗ್ ಆದ್ಮೇಲೆ ಅಮ್ಮಾವ್ರ ಕೈಲಿ ಆಗೋದಿಲ್ಲ.'

ಮಾವ ಕೆಮ್ಮಿದರು. ಕೆಮ್ಮಿದ ಮೇಲೆ ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. 'ಮೂಟೆ ಹೊರೋಕೆ ತಗೊಂಡಿದ್ರೆ ಮಾರ್ತಿದ್ದೆ ಸಾಬ್ರೇ. ಆ ಕೈ ಸುಟ್ಟಿದ್ದು ನನ್ನ ಬಾನೀಲಿ. ಸವರಿದ್ರೆ ತಿರುಗೋ ಕಾರು ಐತೆ ಅಂತ ಯಾರೋ ಅಂದ್ರು, ಹುಡ್ಕೊಂಡು ಹೋದೆ.'

ಆ ಮಾತನ್ನು ನಾನು ಒಂದೇ ಸಲ ಕೇಳಿದ್ದು. ಒಂದೇ ಸಲಕ್ಕೆ ಕೆಮ್ಮಿನ ಸಮೇತ ಗಂಟಲಲ್ಲಿ ಕೂತಿದೆ. ಇವತ್ತಿನವರೆಗೆ ಯಾರ ಮುಂದೆಯೂ ಅದನ್ನು ಆಡಿ ತೋರಿಸಿಲ್ಲ.

ಕೊನೆಗೆ ಕಾರು ಶಿಡ್ಲಘಟ್ಟಕ್ಕೆ ಬಂತು. ಒಪ್ಪಿಸಲು ಮೇಸ್ತ್ರಿಯೂ ಜೊತೆಗೆ ಬಂದರು. ಕಾರು ನೇರ ಹೋಗುವಾಗ ಸ್ಟಿಯರಿಂಗ್ ಚಕ್ರ ತಲೆಕೆಳಗಾಗಿ ನಿಂತಿರುತ್ತಿತ್ತು. ನಾನು ತೋರಿಸಿದರೆ, 'ಕಾರು ಸೀದಾ ಹೋಗ್ತದಾ ಇಲ್ವಾ? ಚಕ್ರದ ಮುಖ ನೋಡಿ ನೀನೇನು ಹೆಣ್ಣು ಕೊಡಬೇಕಾ?' ಎಂದು ಬಾಯಿ ಮುಚ್ಚಿಸಿದರು. ಆದರೆ ಅತ್ತೆ ಒಳಗೆ ಕೂತಾಗ ಯಾರಿಗೂ ನಗು ಬರಲಿಲ್ಲ. ಸೌಟನ್ನು ಚಕ್ರದ ಮೇಲಿಟ್ಟು ಸವರಿದರು. ಚಕ್ರ ಅಲುಗಲಿಲ್ಲ. ಒತ್ತಿದರು, ಕೈ ಜಾರಿತು. ಎಡಗೈಯಿಂದ ಎಳೆದರು, ಅರ್ಧ ಬಂದು ನಿಂತಿತು, ಮುಂದಕ್ಕೆ ಎಳೆಯಲು ಇನ್ನೊಂದು ಕೈಯ ಹಿಡಿತ ಬೇಕು. ಮತ್ತೆ ಜಾರಿತು.

ಮಾವ ಎತ್ತಲೋ ನೋಡುತ್ತಾ, 'ಡ್ರೈವರ್ ಒಬ್ಬನಿಗೆ ಹೇಳಿದೀನಿ. ಸೋಮವಾರ ಬರ್ತಾನೆ' ಎಂದರು.

'ಡ್ರೈವರ್ ಬಂದ್ರೆ ಕಾರು ಅವನದು' ಎಂದರು ಅತ್ತೆ. 'ಎದ್ದಿದಾನಾ, ಉಂಡಿದಾನಾ, ಮನಸ್ಸು ಸರಿಯಾಗಿದೆಯಾ ಅಂತ ನೋಡ್ಕೊಂಡು ನಮ್ಮಮ್ಮನ್ನ ನೋಡೋಕೆ ಹೋಗ್ಬೇಕು. ನಿಮ್ಮ ನಾಳೆನೇ ವಾಸಿಯಿತ್ತು.' ಇಳಿದು ಒಳಗೆ ಹೋದರು. ನಾನು ಅಣಕಿಸಲು ಏನೂ ಸಿಗದೆ ಬಾನೆಟ್ಟನ್ನು ಒರೆಸುತ್ತಾ ನಿಂತೆ.

ಒಳಗಿನಿಂದ ಏನೋ ಬಡಿಯುವ ಸದ್ದು ಬಂತು. ಹೋಗಿ ನೋಡಿದರೆ ಅತ್ತೆ ಹಿತ್ತಲ ಮೂಲೆಯಲ್ಲಿ ರಾಗಿ ಬೀಸುವ ಕಲ್ಲಿನ ಮುಂದೆ ಕೂತಿದ್ದಾರೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಆ ಕಲ್ಲು ಸುಮ್ಮನೆ ಕೂತಿತ್ತು. ಅದರ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುತ್ತಿದ್ದಾರೆ. ಮಾವನ ತಾಯಿಯ ಕಾಲದ ಹುಣಸೆ ಗೂಟ. ಎಷ್ಟೋ ಹೆಂಗಸರ ಅಂಗೈ ಸವೆಸಿ ಸವೆಸಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕೈ ಸುಟ್ಟ ಮೇಲೂ ಅತ್ತೆ ಅದನ್ನು ಅಂಗೈಯ ಗುಳಿಯಲ್ಲಿ ಕೂರಿಸಿಕೊಂಡು ಮನೆಮಂದಿಗೆಲ್ಲ ರಾಗಿ ಬೀಸಿದ್ದರು. ಆ ಗೂಟವನ್ನು ತಂದು ಮೇಸ್ತ್ರಿಯ ಮುಂದೆ ಹಿಡಿದರು.

'ಇದನ್ನ ಆ ಚಕ್ರಕ್ಕೆ ಕೂರಿಸಿ ಸಾಬ್ರೇ.'

ಮೇಸ್ತ್ರಿ ನಕ್ಕರು. 'ಏನಮ್ಮಾ, ಕಾರಲ್ಲಿ ಹಿಟ್ಟು ಬೀಸ್ತೀರಾ?'

'ಬೀಸೋಕಲ್ಲಿಗೆ ಗೂಟ ಇಲ್ದಿದ್ರೆ ನಿಮ್ಮಮ್ಮ ಹೆಂಗೆ ಬೀಸ್ತಿದ್ರು? ಕಲ್ಲನ್ನ ತಬ್ಕೊಂಡಾ?'

ಮೇಸ್ತ್ರಿ ನಗು ನಿಲ್ಲಿಸಿ ಕಣ್ಣು ಮುಚ್ಚಿದರು. ಈ ಸಲ ನಾಡಿ ಹಿಡಿಯುವುದಕ್ಕಲ್ಲ, ಅವರ ತಾಯಿಯನ್ನು ನೆನೆಯುವುದಕ್ಕೆ ಎಂದು ನನಗೆ ಅನಿಸಿತು. ಕಬ್ಬಿಣದ ಪಟ್ಟಿ ಬಗ್ಗಿಸಿ, ಬೋಲ್ಟು ಹಾಕಿ, ಗೂಟವನ್ನು ಚಕ್ರದ ಅಂಚಿಗೆ ನೆಟ್ಟಗೆ ನಿಲ್ಲಿಸಿದರು. 'ಇದು ನಿಂತ್ರೆ ಮುರುಗಮಲ್ಲದ ದರ್ಗಾದಲ್ಲಿ ಸಕ್ಕರೆ ಓದಿಸ್ತೀನಿ' ಎಂದರು. ಅತ್ತೆ ಕೂತು ಗೂಟದ ಮೇಲೆ ಅಂಗೈ ಇಟ್ಟರು. ಮೇಸ್ತ್ರಿ ಏನೋ ಉಪದೇಶ ಹೇಳಲು ಹೊರಟರೆ, 'ನಿಂತ ಕಲ್ಲು ಭಾರ, ತಿರುಗೋ ಕಲ್ಲು ಹಗುರ. ಗೊತ್ತು ಬಿಡಿ' ಎಂದು ಕಾರನ್ನು ಮೊದಲು ಒಂದಿಷ್ಟು ಉರುಳಲು ಬಿಟ್ಟು, ಆಮೇಲೆ ಗೂಟವನ್ನು ಸುತ್ತಿಸಿದರು. ಮೊದಲಿಗಿಂತ ಹೆಚ್ಚು ಸುತ್ತು ಬೇಕಿತ್ತು. ಅಂಗಳದಲ್ಲಿ ಆ ಹಸಿರು ಆನೆ ಗೊಣಗುತ್ತಾ ಒಂದು ಪ್ರದಕ್ಷಿಣೆ ಹಾಕಿ, ತುಳಸಿಕಟ್ಟೆಯ ಒಂದು ಮೂಲೆಯನ್ನು ಮಾತ್ರ ಕಿತ್ತುಕೊಂಡು ನಿಂತಿತು.

ಅಂಗಳದಲ್ಲಿ ಸುತ್ತುವುದು ಬೇರೆ, ದಾರಿ ಬೇರೆ. ಮಾರನೆಯ ಬೆಳಿಗ್ಗೆ ಅತ್ತೆ ರೊಟ್ಟಿ ಕಟ್ಟಿದರು. ಮಾವ ಡ್ರೈವರ್ ಮಾತು ಹಿಂತೆಗೆದುಕೊಂಡಿರಲಿಲ್ಲ. ಕೆಮ್ಮಿ, 'ನಾನೂ ಬರ್ತೀನಿ' ಎಂದು ಅತ್ತೆಯ ಪಕ್ಕದಲ್ಲಿ ಕೂತರು. ಗೂಡಿನ ಕಾಲದಲ್ಲಿ ಮಾವ ಕಾರ್ಖಾನೆ ಬಿಟ್ಟು ಹೊರಟದ್ದು ಊರಿಗೇ ಸುದ್ದಿಯಾಯಿತು. ನಾನು ಹಿಂದೆ ಕೂತೆ. ಚಿಕ್ಕಬಳ್ಳಾಪುರದವರೆಗೆ ಮಾವನ ಕಣ್ಣು ರಸ್ತೆಯ ಮೇಲಿರಲಿಲ್ಲ, ಗೂಟದ ಮೇಲಿತ್ತು. ಅವರ ಅಮ್ಮನ ಗೂಟ.

ಮುಂದೆ ಒಂದು ಕೆರೆಯ ಏರಿ ಬರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ನಡುವೆ ಚೂಪಾದ ತಿರುವು. ಸರಿಯಾಗಿ ಅಲ್ಲೇ ಎದುರಿಗೆ ಕಡಲೆಕಾಯಿ ಮೂಟೆಗಳ ಗಾಡಿ ಬಂತು. ಅತ್ತೆ ಗೂಟ ಸುತ್ತಿಸತೊಡಗಿದರು. ಸುತ್ತಿಸಿದಷ್ಟೂ ತಿರುವು ಮುಗಿಯುತ್ತಿಲ್ಲ. ನೀರು ಕಿಟಕಿಯ ಹತ್ತಿರ ಬಂದ ಹಾಗೆ ಕಂಡಿತು. ಮಾವ ತಡೆಯಲಾಗದೆ ಕೈ ಚಾಚಿ ಚಕ್ರವನ್ನು ಹಿಡಿದುಬಿಟ್ಟರು.

ಅತ್ತೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. 'ಬೀಸೋಕಲ್ಲಿಗೆ ಇಬ್ರು ಕೂತ್ರೆ ಹಾಡು ಹೇಳ್ಬೇಕು. ಹಾಡು ಬರುತ್ತಾ ನಿಮಗೆ? ಬರದಿದ್ರೆ ಕೈ ತೆಗೀರಿ.'

ಮಾವ ಕೈ ತೆಗೆದರು. ಕಾರು ತಿರುಗಿತು. ಗಾಡಿಯವನು ಎತ್ತುಗಳನ್ನು ಬದಿಗೆ ಎಳೆದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ. ಗೌರಿಬಿದನೂರು ದಾಟಿದ ಮೇಲೆ ಮುಂದಿನ ಸೀಟಿನಿಂದ ಒಂದು ಒರಟು ದನಿ, ಕೆಮ್ಮೋ ಗುನುಗೋ ಗೊತ್ತಾಗದ ಹಾಗೆ, ಎದ್ದು ಅಡಗಿತು. ಮತ್ತೆ ಎದ್ದಿತು. ಬೆಳಗಿನ ಜಾವ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಕಲ್ಲಿನ ಸದ್ದಿನ ಜೊತೆ ಕೇಳಿಸಿಕೊಂಡ ಹುಡುಗನಿಗೆ ಮಾತ್ರ ಬರುವ ರಾಗ ಅದು. ಅತ್ತೆ ತೊಂಡೇಬಾವಿಯ ಹತ್ತಿರ ಬಂದಾಗ ಎಂದಿಗಿಂತ ಉದ್ದವಾಗಿ ಹಾರನ್ನು ಹೊಡೆದರು. ಮುದುಕಿ ಗೋಡೆ ತಡವುತ್ತಾ ಬಾಗಿಲಿಗೆ ಬಂದಿತ್ತು.

ಸೋಮವಾರ ಡ್ರೈವರ್ ಬಂದ. ಅವನಿಗೆ ಮಾವ ಒಲೆಗೆ ಸೌದೆ ತರುವ ಕೆಲಸ ಕೊಟ್ಟರು.

ಇದೆಲ್ಲ ಆಗಿ ವರ್ಷಗಳಾದವು. ನಾನೀಗ ಗೌರಿಬಿದನೂರಿನಲ್ಲಿ ಕೆಲಸಕ್ಕಿದ್ದೇನೆ. ತಮ್ಮ ತಾಯಿ ಹೋದ ಮೇಲೂ ಅತ್ತೆ ಈ ದಾರಿಯನ್ನು ಬಿಟ್ಟಿಲ್ಲ. ನಿನ್ನೆ ಬಂದವರು ಮಗುವಿಗೆಂದು ಮನೆಯಲ್ಲೇ ತೆಗೆದ ಹರಳೆಣ್ಣೆ ತಂದಿದ್ದರು. ಕೊಡುವಾಗ ನನ್ನ ಮುಖ ನೋಡಿ, 'ಇದು ಮಗೂಗೆ ಕಣೋ, ಇನ್ನೇನಕ್ಕೂ ಅಲ್ಲ' ಎಂದರು.

ಈಗ ತಾನೇ ಹೊರಟರು. ನಮ್ಮ ಬೀದಿ ಇಕ್ಕಟ್ಟು. ಮೋರಿಯ ಪಕ್ಕದಲ್ಲಿ ಕಾರನ್ನು ಹಿಂದೆ ಮುಂದೆ ಮಾಡಿ ತಿರುಗಿಸಬೇಕು. ಅತ್ತೆಯ ಕೂದಲು ನರೆತಿದೆ. ಗೂಟ ಸುತ್ತಿಸುತ್ತಾ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡರು. ಎಣ್ಣೆ ಮೆತ್ತಿದ ಮಗಳನ್ನು ಒಂದು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಕೈಯನ್ನು ಕಿಟಕಿಯೊಳಗೆ ಹಾಕಿ ಚಕ್ರ ಹಿಡಿದೆ.

ಅತ್ತೆ ಏನೂ ಹೇಳಬೇಕಾಗಲಿಲ್ಲ. ಪಕ್ಕದ ಸೀಟಿನಿಂದ ಮಾವ, ಗಂಟಲೂ ಸರಿಮಾಡಿಕೊಳ್ಳದೆ, ಹೇಳಿದರು:

'ಕೈ ತೆಗಿಯೋ. ಇಬ್ರು ಹಿಡಿದ್ರೆ ಹಾಡು ಹೇಳ್ಬೇಕು. ನಿಂಗೆ ಬರೋದು ಬರೀ ಅಣಕ.'